ಕಲಬುರಗಿ ಬಿಸಿಲಿಗೆ ಕ್ಯಾರಿಯರ್ ಲೆಕ್ಕ

ಏರ್ ಕಂಡಿಷನರ್ ಕಂಡುಹಿಡಿದವರು ಯಾರು? ವಿಲಿಸ್ ಕ್ಯಾರಿಯರ್. ಯಾವ ವರ್ಷ? 1902. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಈ ಮನುಷ್ಯ ಗೊತ್ತಿರುವುದು ಇಷ್ಟೇ, ಸಾಮಾನ್ಯ ಜ್ಞಾನದ ಗೈಡ್‌ನ ಒಂದು ಸಾಲು. ಕಳೆದ ಬೇಸಿಗೆಯವರೆಗೆ ನನಗೂ ಅಷ್ಟೇ ಗೊತ್ತಿತ್ತು. ಆಮೇಲೆ ಅವರ ಬದುಕಿನ ಕತೆ ಓದಿದೆ. ಓದಿದ್ದರಿಂದ ನನಗೊಂದು ಎ.ಸಿ. ಕೊಳ್ಳುವ ಖರ್ಚು ಉಳಿಯಿತು. ಎ.ಸಿ. ತಯಾರಿಸಿದವರ ಕತೆ ಓದಿ ಎ.ಸಿ. ಬೇಡವೆಂದು ನಿರ್ಧರಿಸಿದವನು ನಾನೊಬ್ಬನೇ ಇರಬೇಕು.

ನಾನು ಕಮಲಾಪುರದವನು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ನಮ್ಮದೂ ಒಂದಿಷ್ಟು ಬಾಳೆ ತೋಟವಿದೆ. ಪದವಿ ಮುಗಿಸಿ ಎರಡು ವರ್ಷದಿಂದ ಕಲಬುರಗಿಯ ಜಗತ್ ಪ್ರದೇಶದಲ್ಲಿ ಗೆಳೆಯನೊಬ್ಬನ ಜೊತೆ ರೂಮು ಮಾಡಿಕೊಂಡು ಓದುತ್ತಿದ್ದೇನೆ. ರೂಮು ಮಾಳಿಗೆಯ ಮೇಲಿದೆ. ಸುತ್ತ ನಾಲ್ಕಿಂಚಿನ ಗೋಡೆ, ತಲೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ನೇರ ಸೂರ್ಯ. ಏಪ್ರಿಲ್ ಬಂದರೆ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹನ್ನೊಂದರವರೆಗೆ ಪುಸ್ತಕ ಹಿಡಿಯಲಾಗುವುದಿಲ್ಲ. ಫ್ಯಾನ್ ಹಾಕಿದರೆ ಒಲೆಯ ಗಾಳಿ ಮೈಮೇಲೆ ಬಂದ ಹಾಗೆ. ಕಲಬುರಗಿ ಬಿಸಿಲು ಗೊತ್ತಿಲ್ಲದವರಿಗೆ ಇದು ಅತಿಶಯೋಕ್ತಿ ಅನ್ನಿಸಬಹುದು, ಗೊತ್ತಿದ್ದವರು ಕಡಿಮೆಯಾಯಿತು ಎನ್ನುತ್ತಾರೆ. ಪರೀಕ್ಷೆಗೆ ಎರಡು ತಿಂಗಳಿತ್ತು. ದಿನಕ್ಕೆ ಆರೇಳು ತಾಸು ಹೀಗೆ ಹೋದರೆ ಏನು ಗತಿ?

ಕಂತಿನ ಮೇಲೆ ಸೆಕೆಂಡ್ ಹ್ಯಾಂಡ್ ಎ.ಸಿ. ತರೋಣವೆಂದು ಇಬ್ಬರೂ ಲೆಕ್ಕ ಹಾಕಿದೆವು. ಮನೆ ಮಾಲೀಕರಾದ ಆಂಟಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. ನಮ್ಮ ರೂಮು, ಅವರ ಮನೆ ಎರಡಕ್ಕೂ ಒಂದೇ ಮೀಟರು. ಗೃಹಜ್ಯೋತಿ ಯೋಜನೆ ಉದ್ಘಾಟನೆಯಾದದ್ದೇ ನಮ್ಮ ಕಲಬುರಗಿಯಲ್ಲಿ, 2023ರ ಆಗಸ್ಟ್ 5ರಂದು. ಅಂದಿನಿಂದ ಅವರಿಗೆ ಶೂನ್ಯ ಬಿಲ್ಲು ಬರುತ್ತಿತ್ತು. ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ ಯೂನಿಟ್‌ಗಷ್ಟೇ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಎ.ಸಿ. ಬಂದರೆ ಆ ಬಿಲ್ಲು ನೀವೇ ಕಟ್ಟಿ ಎಂದು ಆಂಟಿ ಮೆತ್ತಗೆ ಹೇಳಿ ಒಳಗೆ ಹೋದರು. ಅಪ್ಪ ಕಳಿಸುವ ರೊಕ್ಕದಲ್ಲಿ ಬಾಡಿಗೆ, ಮೆಸ್ಸು ಕಳೆದು ಉಳಿಯುವುದು ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ಆ ಗೊಂದಲದ ದಿನಗಳಲ್ಲೇ, ಓದಲಾಗದ ಒಂದು ಮಧ್ಯಾಹ್ನ, ಗೈಡ್‌ನ ಆ ಒಂದು ಸಾಲಿನ ಹಿಂದೆ ಹೋದೆ.

ವಿಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಂಗೋಲಾ ಎಂಬ ಊರಿನಲ್ಲಿ. ಒಕ್ಕಲುತನದ ಮನೆ, ಒಬ್ಬನೇ ಮಗ. ಶಾಲೆಯಲ್ಲಿ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ತಾಯಿ ಎಲಿಜಬೆತ್ ಅವನನ್ನು ನೆಲಮಾಳಿಗೆಗೆ ಕಳಿಸಿ ಸೇಬು ತರಿಸಿದರು. ಅರ್ಧ, ಕಾಲು, ಎಂಟನೇ ಒಂದು ಎಂದು ಕತ್ತರಿಸಿಸಿ, ಕೂಡಿಸಿಸಿ, ಕಳೆಸಿ ತೋರಿಸಿದರು. ಲೆಕ್ಕ ಅಂದರೆ ಕಣ್ಣಿಗೆ ಕಾಣುವ ವಸ್ತು ಎಂದು ಹುಡುಗನಿಗೆ ಆ ದಿನ ಗೊತ್ತಾಯಿತು. ತಾನು ಕಲಿತ ಪಾಠಗಳಲ್ಲಿ ಇದೇ ದೊಡ್ಡದೆಂದು ಅವರು ಮುಂದೆ ನೆನೆಯುತ್ತಿದ್ದರಂತೆ. ಹುಡುಗನಿಗೆ ಹನ್ನೊಂದು ವರ್ಷವಾದಾಗ ತಾಯಿ ತೀರಿಕೊಂಡರು.

ಕಾಲೇಜು ಸುಲಭಕ್ಕೆ ಸಿಗಲಿಲ್ಲ. 1893ರಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತ ಬಂದಿತ್ತು, ಮನೆಯಲ್ಲಿ ದುಡ್ಡಿರಲಿಲ್ಲ. ಕ್ಯಾರಿಯರ್ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದರು. ಆಮೇಲೆ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಶುಲ್ಕ ಉಳಿಯಿತು, ಊಟ ವಸತಿಗೆ ದುಡಿಯಬೇಕಾಯಿತು. ಹುಲ್ಲು ಕತ್ತರಿಸಿದರು, ಮನೆಗಳ ಕುಲುಮೆಗೆ ಕಲ್ಲಿದ್ದಲು ಹಾಕಿದರು, ಗೆಳೆಯನ ಜೊತೆ ಸೇರಿ ವಿದ್ಯಾರ್ಥಿಗಳ ಬಟ್ಟೆ ತೊಳೆಸಿಕೊಡುವ ಲಾಂಡ್ರಿ ವ್ಯವಹಾರವನ್ನೂ ನಡೆಸಿದರು. 1901ರಲ್ಲಿ ಎಂಜಿನಿಯರಿಂಗ್ ಪದವಿ ಮುಗಿಯಿತು. ಬಫೆಲೊ ಫೋರ್ಜ್ ಎಂಬ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 10 ಡಾಲರ್.

ಆ ಕಂಪನಿ ತಯಾರಿಸುತ್ತಿದ್ದದ್ದು ತಂಪು ಮಾಡುವ ಯಂತ್ರವಲ್ಲ, ಬಿಸಿ ಮಾಡುವುದು. ಕಟ್ಟಡ ಬೆಚ್ಚಗಿಡಲು, ಕಟ್ಟಿಗೆ ಒಣಗಿಸಲು, ಕಾಫಿ ಬೀಜ ಒಣಗಿಸಲು ಬೇಕಾದ ಫ್ಯಾನು, ಉಗಿ ಕೊಳವೆಗಳು. ಎಷ್ಟು ಕೊಳವೆ ಹಾಕಿದರೆ ಎಷ್ಟು ಗಾಳಿ ಬಿಸಿಯಾಗುತ್ತದೆ ಎಂಬುದಕ್ಕೆ ಸರಿಯಾದ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಅಂದಾಜಿನ ಮೇಲೆ ನಾಲ್ಕು ಹೆಚ್ಚೇ ಹಾಕಿಬಿಡುತ್ತಿದ್ದರು. ಹೊಸದಾಗಿ ಸೇರಿದ ಈ ಹುಡುಗ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಅಳೆದು, ಕೋಷ್ಟಕ ಮಾಡಿಕೊಟ್ಟ. ಕಂಪನಿಗೆ ಆ ಕೋಷ್ಟಕದಿಂದ ದುಡ್ಡು ಉಳಿಯಿತು, ಅವರಿಗೆ ಪ್ರಯೋಗ ಮಾಡಲು ಜಾಗ ಸಿಕ್ಕಿತು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಎ.ಸಿ. ತರೋಣ ಎಂದು ಕುಣಿದ ನಾವು ರೂಮಿನ ಉಷ್ಣಾಂಶ ಎಷ್ಟೆಂದು ಒಮ್ಮೆಯೂ ಅಳೆದಿರಲಿಲ್ಲ.

1902ರಲ್ಲಿ ಬಂದ ಕೆಲಸವೂ ಮನುಷ್ಯರನ್ನು ತಂಪಾಗಿಡುವುದಕ್ಕಲ್ಲ, ಕಾಗದಕ್ಕಾಗಿ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್ ಆ್ಯಂಡ್ ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯವಿತ್ತು. ಬಣ್ಣದ ಚಿತ್ರ ಅಚ್ಚು ಹಾಕಬೇಕಾದರೆ ಒಂದೇ ಹಾಳೆ ಒಂದೊಂದು ಬಣ್ಣಕ್ಕೆ ಒಮ್ಮೊಮ್ಮೆಯಂತೆ ಯಂತ್ರಕ್ಕೆ ಹೋಗಬೇಕು. ಬೇಸಿಗೆಯ ತೇವದ ಗಾಳಿಗೆ ಕಾಗದ ಹಿಗ್ಗುತ್ತಿತ್ತು, ಒಣಗಿದರೆ ಕುಗ್ಗುತ್ತಿತ್ತು. ಕೆಂಪು ಒಂದು ಕಡೆ, ಹಳದಿ ಇನ್ನೊಂದು ಕಡೆ ಬೀಳುತ್ತಿತ್ತು. ಗಾಳಿಯ ತೇವವನ್ನು ವರ್ಷವಿಡೀ ಒಂದೇ ಮಟ್ಟದಲ್ಲಿ ಹಿಡಿದಿಡಬೇಕೆಂಬುದು ಅವರ ಬೇಡಿಕೆ. ಇಪ್ಪತ್ತೈದು ವರ್ಷದ ಕ್ಯಾರಿಯರ್ ತಣ್ಣನೆ ಕೊಳವೆಗಳ ಮೇಲೆ ಗಾಳಿ ಹಾಯಿಸಿ ನೀರಿನಂಶ ಇಳಿಸುವ ವ್ಯವಸ್ಥೆಯ ನಕ್ಷೆ ಬರೆದರು. ನಕ್ಷೆಯ ಮೇಲಿನ ತಾರೀಖು 1902ರ ಜುಲೈ 17. ಗೈಡ್‌ನಲ್ಲಿರುವ 1902 ಇದೇ.

ಆದರೆ ಅವರಿಗೆ ಸಮಾಧಾನವಾಗಲಿಲ್ಲ. ಅದೇ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದಾಗ ಪ್ಲಾಟ್‌ಫಾರ್ಮ್ ತುಂಬ ಮಂಜು ಮುಸುಕಿತ್ತು. ಎಲ್ಲರೂ ರೈಲು ತಡವಾಯಿತೆಂದು ಬೇಸರಪಟ್ಟಿರಬೇಕು, ಇವರು ಮಂಜನ್ನೇ ನೋಡುತ್ತ ನಿಂತರು. ಗಾಳಿಯನ್ನು ಒಂದು ಕೊಡ ಅಂದುಕೊಳ್ಳಿ. ಬಿಸಿ ಗಾಳಿ ದೊಡ್ಡ ಕೊಡ, ಹೆಚ್ಚು ನೀರಾವಿ ಹಿಡಿಯುತ್ತದೆ. ತಣ್ಣನೆ ಗಾಳಿ ಸಣ್ಣ ಕೊಡ. ಮಂಜು ಎಂದರೆ ಆ ಸಣ್ಣ ಕೊಡ ತುಂಬಿ ತುಳುಕುತ್ತಿದೆ ಎಂದರ್ಥ, ಆದರೂ ಅದರೊಳಗಿರುವ ಒಟ್ಟು ನೀರು ಸ್ವಲ್ಪವೇ. ಹಾಗಾದರೆ ಗಾಳಿಯನ್ನು ತಣ್ಣೀರಿನ ತುಂತುರಿನಲ್ಲಿ ಹಾಯಿಸಿ ತುಂಬಿಸಿಬಿಟ್ಟರೆ, ಆ ನೀರಿನ ಉಷ್ಣಾಂಶ ಬದಲಿಸಿ ಗಾಳಿಯಲ್ಲಿ ಎಷ್ಟು ನೀರಿರಬೇಕೆಂದು ನಾವೇ ನಿರ್ಧರಿಸಬಹುದು. ಗಾಳಿಯನ್ನು ನೀರಿನಿಂದಲೇ ಒಣಗಿಸುವ ಉಪಾಯ! ಈ ಯಂತ್ರಕ್ಕೆ 1906ರ ಜನವರಿ 2ರಂದು ಪೇಟೆಂಟ್ ಸಿಕ್ಕಿತು. ಏರ್ ಕಂಡಿಷನಿಂಗ್ ಎಂಬ ಹೆಸರು ಮಾತ್ರ ಅವರದಲ್ಲ, ಅದೇ ವರ್ಷ ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಎಂಜಿನಿಯರ್ ಇಟ್ಟದ್ದು. ಒಣಗಾಳಿಗೆ ಹತ್ತಿ ಎಳೆ ಹರಿಯುತ್ತದೆ, ಅದಕ್ಕೇ ಮೊದಲ ಗಿರಾಕಿಗಳಲ್ಲಿ ಹತ್ತಿ ಗಿರಣಿಗಳೂ ಇದ್ದವು. ಎಂ.ಎಸ್.ಕೆ. ಮಿಲ್ ಹೆಸರು ಕೇಳುತ್ತಲೇ ಬೆಳೆದ ಕಲಬುರಗಿಯವರಿಗೆ ಇದು ಬೇಗ ಅರ್ಥವಾಗುತ್ತದೆ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅವರ 1911ರ ಕೆಲಸ. ಆ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಅವರು ಒಂದು ಪ್ರಬಂಧ ಮಂಡಿಸಿದರು. ಉಷ್ಣಾಂಶ, ಗಾಳಿಯ ತೇವ, ಅದರಲ್ಲಿರುವ ಶಾಖ, ಇವುಗಳ ಸಂಬಂಧವನ್ನು ಸೂತ್ರ ಮತ್ತು ನಕ್ಷೆಯಲ್ಲಿ ಹಿಡಿದಿಟ್ಟ ಪ್ರಬಂಧ ಅದು. ಆ ನಕ್ಷೆಯ ರೂಪಗಳನ್ನು ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ. ನಾನು ಓದಿದ್ದು ಕಲಾ ವಿಭಾಗ. ಆದರೂ ಹಟ ಹಿಡಿದು ಕೂತೆ. ಎರಡು ಥರ್ಮಾಮೀಟರ್ ಬೇಕು, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ತಾಗಿಸಬೇಕು. ಬಟ್ಟೆಯ ನೀರು ಆರುವಾಗ ಶಾಖ ಹೀರಿಕೊಂಡು ಪಾದರಸ ಇಳಿಯುತ್ತದೆ. ಎಲ್ಲಿಗೆ ಇಳಿದು ನಿಲ್ಲುತ್ತದೋ ಅದು ಒದ್ದೆ ಉಷ್ಣಾಂಶ. ನೀರೊಂದನ್ನೇ ಬಳಸಿ ಆ ಗಾಳಿಯನ್ನು ತಂಪು ಮಾಡಲು ಹೊರಟರೆ ಅದಕ್ಕಿಂತ ಕೆಳಗೆ ಹೋಗಲಾಗದು.

ಪ್ರಯೋಗಾಲಯ ಸಾಮಾನಿನ ಅಂಗಡಿಯಿಂದ ಎರಡು ಥರ್ಮಾಮೀಟರ್ ತಂದೆ. ಮೇ ತಿಂಗಳ ಒಂದು ಮಧ್ಯಾಹ್ನ ಮಾಳಿಗೆಯ ನೆರಳಿನಲ್ಲಿ ಹಿಡಿದಾಗ ಒಣ ಥರ್ಮಾಮೀಟರ್ 42 ಡಿಗ್ರಿ, ಒದ್ದೆಯದು 24. ನಡುವೆ 18 ಡಿಗ್ರಿ! ಗಾಳಿ ಅಷ್ಟು ಒಣಗಿದೆ, ಕೊಡ ಅಷ್ಟು ಖಾಲಿ ಇದೆ. ಒಳ್ಳೆಯ ಕೂಲರ್ ಆ ಅಂತರದ ಮುಕ್ಕಾಲು ಭಾಗ ಇಳಿಸಬಲ್ಲದು, ಅಂದರೆ 28-29 ಡಿಗ್ರಿ ಗಾಳಿ. ಓದಲು ಅಷ್ಟು ಸಾಕಲ್ಲವೆ?

ಕೂಲರ್ ಆಗಲೇ ಮೂಲೆಯಲ್ಲಿತ್ತು. ಉಪಯೋಗವಿಲ್ಲ ಎಂದು ಬಿಟ್ಟಿದ್ದೆವು. ತಪ್ಪು ಕೂಲರಿನದಲ್ಲ, ನಮ್ಮದು. ಎ.ಸಿ. ಇದ್ದ ಹಾಗೆ ಕಿಟಕಿ ಬಾಗಿಲು ಮುಚ್ಚಿ ರೂಮಿನ ಮಧ್ಯೆ ಇಟ್ಟುಕೊಳ್ಳುತ್ತಿದ್ದೆವು. ಒಳಗಿನದೇ ಗಾಳಿ ಮತ್ತೆ ಮತ್ತೆ ಕೂಲರಿಗೆ ಹೋಗಿ, ಅರ್ಧ ತಾಸಿನಲ್ಲಿ ಕೊಡ ತುಂಬಿ ಮೈಯೆಲ್ಲ ಅಂಟಂಟು. ಈ ಸಲ ಕಿಟಕಿಗೆ ಹಚ್ಚಿ ಹೊರಗಿನ ಒಣಗಾಳಿ ಎಳೆಯುವ ಹಾಗೆ ಇಟ್ಟೆವು, ಎದುರಿನ ಕಿಟಕಿ ತೆರೆದೆವು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಬೆಳ್ಳಗೆ ಗಟ್ಟಿಯಾಗಿದ್ದ ಹಳೆಯ ಹುಲ್ಲಿನ ಪ್ಯಾಡ್ ತೆಗೆದು ಹೊಸದು ಹಾಕಿದೆವು. ಅಷ್ಟಕ್ಕೇ ರೂಮಿನಲ್ಲಿ ಕೂರುವಂತಾಯಿತು.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು, ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ತಾಸಿಗೆ ಐದು ಲೀಟರ್ ಆರಿದರೆ ಹೆಚ್ಚುಕಡಿಮೆ ಒಂದು ಟನ್ ಎ.ಸಿ. ಎಳೆಯುವಷ್ಟು ಶಾಖ. (ಟನ್ ಎಂದರೆ ಯಂತ್ರದ ತೂಕವಲ್ಲ. ಹಿಂದೆ ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದ ಅಳತೆ ಅದು: ಅಮೆರಿಕದ ಒಂದು ಟನ್, ಅಂದರೆ 907 ಕಿಲೊ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖ. ಸಂದರ್ಶನದಲ್ಲಿ ಕೇಳಿದರೂ ಕೇಳಬಹುದು.) ನಮ್ಮ ಕೂಲರ್ 180 ವಾಟಿನದು. ದಿನಕ್ಕೆ ಹತ್ತು ತಾಸು ಓಡಿಸಿದರೆ 1.8 ಯೂನಿಟ್, ತಿಂಗಳಿಗೆ 54. ಒಂದೂವರೆ ಟನ್ನಿನ ಹಳೆಯ ಎ.ಸಿ. ಅಷ್ಟೇ ಹೊತ್ತು ಓಡಿದರೆ ದಿನಕ್ಕೆ ಹತ್ತು ಯೂನಿಟ್ ಎಂದಿಟ್ಟುಕೊಂಡರೂ ತಿಂಗಳಿಗೆ 300. ಎ.ಸಿ. ಒಂದೇ 200ರ ಗಡಿ ದಾಟಿಸಿಬಿಡುತ್ತಿತ್ತು. ಕೂಲರಿನಲ್ಲೂ ಕಳೆತವಿದೆ. ಅದರ ತಂಪಿನ ಒಂದಷ್ಟು ಭಾಗ ತೆರೆದ ಕಿಟಕಿಯಿಂದ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ನೀರಿಗೇ ಪರದಾಡುವ ಓಣಿಗಳಲ್ಲಿ ದಿನಕ್ಕೆ ನಾಲ್ಕೈದು ಕೊಡ ನೀರನ್ನು ಗಾಳಿಗೆ ಬಿಡುವುದು ಸುಲಭವೂ ಅಲ್ಲ.

ಅಳೆಯುವ ಹುಚ್ಚು ಹಿಡಿದ ಮೇಲೆ ಸ್ಲ್ಯಾಬನ್ನೂ ಅಳೆದೆವು. ರಾತ್ರಿ ಹತ್ತಕ್ಕೆ ಹೊರಗೆ ಗಾಳಿ ತಣ್ಣಗಾದರೂ ಸ್ಲ್ಯಾಬಿನ ಕೆಳಗೆ ಕೈ ಹಿಡಿದರೆ ಇಸ್ತ್ರಿ ಪೆಟ್ಟಿಗೆಯ ಹತ್ತಿರ ಹಿಡಿದಂತೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ನಮ್ಮ ಮೇಲೆ ಕಾರುತ್ತಿತ್ತು. ಆಂಟಿಯ ಒಪ್ಪಿಗೆ ಪಡೆದು ಒಂದು ಭಾನುವಾರ ಬೆಳಗಿನ ಜಾವ ಮೇಲೆ ಹತ್ತಿ, ಸುಣ್ಣಕ್ಕೆ ಅಂಟು ಕಲಸಿ ಎರಡು ಸಲ ಬಳಿದೆವು. ಸಾವಿರ ರೂಪಾಯಿಯೊಳಗೆ ಮುಗಿಯಿತು. ರಾತ್ರಿ ಸ್ಲ್ಯಾಬಿನ ಕೆಳಗಿನ ಝಳ ಕಡಿಮೆಯಾದದ್ದು ಥರ್ಮಾಮೀಟರ್ ಇಲ್ಲದೆಯೂ ಗೊತ್ತಾಯಿತು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ ಎಂದು ಏಳನೇ ತರಗತಿಯಲ್ಲೇ ಓದಿದ್ದೆ, ಅಂಕವೂ ಬಂದಿತ್ತು.

ಕ್ಯಾರಿಯರ್ ಕತೆ ಅಲ್ಲಿಗೆ ನಿಲ್ಲಲಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬಫೆಲೊ ಫೋರ್ಜ್ ಕಂಪನಿ ಯಂತ್ರ ತಯಾರಿಕೆಯಷ್ಟೇ ಸಾಕೆಂದು ಅವರ ವಿಭಾಗವನ್ನು ಮುಚ್ಚಲು ನಿರ್ಧರಿಸಿತು. ಮೂವತ್ತೆಂಟನೇ ವಯಸ್ಸಿನಲ್ಲಿ, ತಾನೇ ಕಟ್ಟಿದ ಕೆಲಸ ಕಣ್ಣೆದುರೇ ನಿಂತುಹೋಗುವ ಸ್ಥಿತಿ. ಗೆಳೆಯ ಇರ್ವಿನ್ ಲೈಲ್ ಸೇರಿ ಏಳು ಜನ ಎಂಜಿನಿಯರುಗಳು ಇದ್ದಬದ್ದದ್ದನ್ನು ಕೂಡಿಸಿ, 32,600 ಡಾಲರ್ ಬಂಡವಾಳದೊಂದಿಗೆ 1915ರಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಆಗಿನ ತಂಪು ಯಂತ್ರಗಳು ದೈತ್ಯ ಗಾತ್ರದವು, ಒಳಗೆ ವಿಷಕಾರಿ ಅಮೋನಿಯ. 1922ರಲ್ಲಿ ಕ್ಯಾರಿಯರ್ ಸಣ್ಣದಾದ, ಅಷ್ಟು ಅಪಾಯವಿಲ್ಲದ ದ್ರವ ಬಳಸುವ ಹೊಸ ಯಂತ್ರ ತೋರಿಸಿದರು. ಜನಸಾಮಾನ್ಯರು ತಂಪು ಕಂಡದ್ದು ಇದರಿಂದಲೇ.

1925ರ ಮೇ ಕೊನೆಯಲ್ಲಿ ನ್ಯೂಯಾರ್ಕ್‌ನ ರಿವೊಲಿ ಚಿತ್ರಮಂದಿರದಲ್ಲಿ ಆ ಯಂತ್ರ ಹೂಡಿದರು. ಬೇಸಿಗೆಯಲ್ಲಿ ಟಾಕೀಸು ಖಾಲಿ ಹೊಡೆಯುತ್ತಿದ್ದ ಕಾಲ. ಜನ ಅಭ್ಯಾಸದಂತೆ ಬೀಸಣಿಗೆ ಹಿಡಿದೇ ಬಂದರು. ಯಂತ್ರ ಶುರುವಾಗುವುದು ತಡವಾಗಿ, ಸಿನಿಮಾ ಶುರುವಾದರೂ ಸಭಾಂಗಣ ಬೇಯುತ್ತಿತ್ತು. ಕ್ಯಾರಿಯರ್ ಹಿಂದೆ ನಿಂತು ಬೀಸಣಿಗೆಗಳನ್ನೇ ನೋಡುತ್ತಿದ್ದರಂತೆ. ನಿಧಾನಕ್ಕೆ ಒಂದೊಂದೇ ಬೀಸಣಿಗೆ ನಿಂತು ಮಡಿಲಿಗೆ ಇಳಿದವು. ಬಾಲ್ಕನಿಯಲ್ಲಿ ಕೂತು ಪರೀಕ್ಷಿಸುತ್ತಿದ್ದ ಪ್ಯಾರಾಮೌಂಟ್‌ನ ಅಡಾಲ್ಫ್ ಜೂಕರ್ ಕೊನೆಗೆ ಒಪ್ಪಿಕೊಂಡರು. ಬೇಸಿಗೆಯ ಸಿನಿಮಾ ವ್ಯಾಪಾರವೇ ಬದಲಾಯಿತು.

ಮನೆಗಳಿಗೆ ಮಾತ್ರ ಎ.ಸಿ. ಬಹಳ ತಡವಾಗಿ ಬಂತು. 1914ರಲ್ಲೇ ಮಿನಿಯಾಪೊಲಿಸ್‌ನ ಶ್ರೀಮಂತರೊಬ್ಬರ ಬಂಗಲೆಗೆ ಅವರು ಒಂದು ಯಂತ್ರ ಕೊಟ್ಟಿದ್ದರು, ಅದು ಸುಮಾರು ಏಳು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದ. ನಮ್ಮ ರೂಮಿಗಿಂತ ಉದ್ದ! 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಂಪನಿ ತತ್ತರಿಸಿತು, 1937ರಲ್ಲಿ ಸಿರಾಕ್ಯೂಸ್ ನಗರಕ್ಕೆ ಸ್ಥಳಾಂತರವಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಗಳನ್ನು ಎತ್ತರದ ಕೊರೆಯುವ ಚಳಿಯಲ್ಲಿ ಪರೀಕ್ಷಿಸಲು ಕ್ಲೀವ್‌ಲ್ಯಾಂಡ್‌ನ ಗಾಳಿಸುರಂಗಕ್ಕೆ ತಂಪು ವ್ಯವಸ್ಥೆ ಮಾಡಿಕೊಟ್ಟರು. ತನ್ನ ಕೆಲಸಗಳಲ್ಲಿ ಇದೇ ದೊಡ್ಡದೆಂದು ಅವರಿಗೆ ಅನ್ನಿಸಿತ್ತಂತೆ, ಜಗತ್ತು ನೆನಪಿಟ್ಟುಕೊಂಡದ್ದು ಬೇರೆಯದನ್ನು. 1950ರ ಅಕ್ಟೋಬರ್ 7ರಂದು ತೀರಿಕೊಂಡರು. ಕಿಟಕಿಗೆ ಕೂರುವ ಎ.ಸಿ. ಅಮೆರಿಕದ ಮನೆಮನೆಗೆ ಹೋದದ್ದು ಅದರ ನಂತರವೇ.

ನಾನು ಎ.ಸಿ. ವಿರೋಧಿಯಲ್ಲ. ಮಂಗಳೂರಿನಂಥ ತೇವದ ಊರಿನಲ್ಲಿ ಕೂಲರ್ ಇಟ್ಟು ಪ್ರಯೋಜನವಿಲ್ಲ. ನಮ್ಮಲ್ಲೂ ಜುಲೈನಲ್ಲಿ ಒಣ ಥರ್ಮಾಮೀಟರ್ 32, ಒದ್ದೆಯದು 27 ದಾಟಿತ್ತು. ನಡುವೆ ಐದು ಡಿಗ್ರಿಯೂ ಇಲ್ಲ. ಆಗ ಕೂಲರಿನ ಪಂಪು ನಿಲ್ಲಿಸಿ ಬರೀ ಫ್ಯಾನ್ ಓಡಿಸಿದೆವು. ವಯಸ್ಸಾದವರು, ಕಾಯಿಲೆಯವರು ಇರುವ ಮನೆಗೆ ಎ.ಸಿ. ಬೇಕಾಗುತ್ತದೆ. ಅಂಥವರು 18ಕ್ಕೆ ಇಡುವ ಬದಲು 24ಕ್ಕೆ ಇಡಲಿ. 2020ರಿಂದ ಹೊಸ ಎ.ಸಿ.ಗಳು ಮೊದಲು ಹಚ್ಚಿದಾಗ ಅಲ್ಲೇ ನಿಲ್ಲುವಂತೆ ಸರ್ಕಾರ ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತೆ ಬ್ಯೂರೊ ಹೇಳುತ್ತದೆ.

ಪರೀಕ್ಷೆ ಬರೆದು ಊರಿಗೆ ಹೋದಾಗ ಎರಡೂ ಥರ್ಮಾಮೀಟರ್ ಚೀಲದಲ್ಲಿದ್ದವು. ಕಮಲಾಪುರದ ನಮ್ಮ ಮನೆ ಮುತ್ಯಾನ ಕಾಲದ ಮಣ್ಣಿನ ಮಾಳಿಗೆ ಮನೆ. ಒಂದೂವರೆ ಮೊಳ ದಪ್ಪದ ಗೋಡೆ, ಶಹಾಬಾದ್ ಫರಸಿಯ ನೆಲ. ಹೊರಗೆ 41 ಇದ್ದಾಗ ನಡುಮನೆಯಲ್ಲಿ 32. ಕೂಲರೂ ಇಲ್ಲ, ಕರೆಂಟೂ ಇಲ್ಲ. ಅವ್ವ ಗಡಿಗೆ ನೀರು ಕೊಟ್ಟಳು. ಅದರ ಮೈಯಲ್ಲಿ ಜಿನುಗುವ ನೀರು ಆರಿ ಆರಿ ಒಳಗಿನ ನೀರು ತಂಪಾಗುವುದನ್ನು ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ.

ಮಳೆಗಾಲಕ್ಕೆ ಮಾಳಿಗೆ ಸೋರುತ್ತದೆ, ವರ್ಷವರ್ಷ ಮಣ್ಣು ಹಾಕುವವರು ಸಿಗುವುದಿಲ್ಲ, ಬರುವ ವರ್ಷ ಕೆಡವಿ ಸ್ಲ್ಯಾಬ್ ಹಾಕಿಸಬೇಕೆಂದು ಅಪ್ಪ ಸಿಮೆಂಟಿನ ಲೆಕ್ಕ ಹಾಕುತ್ತಿದ್ದಾರೆ. ಅವರ ಮಾತಿನಲ್ಲೂ ಸುಳ್ಳಿಲ್ಲ. ಸೋರುವ ಮನೆಯಲ್ಲಿ ರಾತ್ರಿ ಪಾತ್ರೆ ಇಟ್ಟುಕೊಂಡು ಕೂರುವವರು ಅವರೇ ಹೊರತು ನಾನಲ್ಲ. ಗೋಡೆ ಹಾಗೇ ಬಿಟ್ಟು ಮೇಲಿನದಷ್ಟೇ ಬದಲಿಸಿ, ಸ್ಲ್ಯಾಬ್ ಹಾಕಿದರೂ ಮೇಲೆ ಸುಣ್ಣ ಬಳಿಯೋಣ ಎಂದಿದ್ದೇನೆ. ಥರ್ಮಾಮೀಟರ್ ತೋರಿಸಿ, ಜಗತ್‌ನ ರೂಮಿನ ಕತೆಯನ್ನೂ ಹೇಳಿದೆ. ಅಪ್ಪ ಥರ್ಮಾಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಸ್ತ್ರಿಯನ್ನು ಕೇಳೋಣ ಎಂದಿದ್ದಾರೆ.